ಗ್ರೈಂಡರು ಬೇಗ ನಿಂತ ದಿನ

ಅಹ್ಮದ್ ಬಾವನವರು ಕುಶಲಾ ಟೀಚರ ಮನೆಯ ಮೆಟ್ಟಿಲು ಹತ್ತಿದಾಗ ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ. ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಟೈಮ್‌ಕೀಪರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಬೋಳಾರದವರು ಅವರು ಹಾದುಹೋಗುವುದನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಅಂಥ ಮನುಷ್ಯ ಅಂದು ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ಹಾಕಿಕೊಂಡಿದ್ದರು. ಜಗಲಿಯ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಆಂಬ್ರೋಸ್ ಅದನ್ನು ಕಂಡೊಡನೆ ಲೋಟ ಕೆಳಗಿಟ್ಟರು. ವಿಷಯ ಸಣ್ಣದಲ್ಲ ಎಂದು ಅವರಿಗೆ ತಿಳಿದುಹೋಯಿತು.

ಆಂಬ್ರೋಸ್ ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿ ಸೈಕಲ್ ತುಳಿದವರು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ಯಜಮಾನರು ಕಚ್ಚುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಹೆಂಡತಿ ತೀರಿಕೊಂಡ ಮೇಲೆ ಒಂಟಿ. ಬೆಳಿಗ್ಗೆ ಟೀಚರ ಜಗಲಿಗೆ ಬಂದು ಪೇಪರ್ ಓದದಿದ್ದರೆ ದಿನ ಶುರುವಾದ ಹಾಗೆ ಆಗುತ್ತಿರಲಿಲ್ಲ. ಹುಡುಗಿಯರ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿದ ಕುಶಲಾ ಟೀಚರು, ಕಾಣೆಯಾದ ಸರದಿಂದ ಹಿಡಿದು ಹೆಸರಿಲ್ಲದ ಕಾಗದದವರೆಗೆ, ಊರಿನವರ ಎಷ್ಟೋ ಗಂಟುಗಳನ್ನು ಬಿಡಿಸಿಕೊಟ್ಟಿದ್ದರು. 'ಟೀಚರ ತಲೆ, ನನ್ನ ಕಾಲು, ಎರಡೂ ಸೇರಿದರೆ ಒಂದು ಪೊಲೀಸ್ ಠಾಣೆ' ಎಂದು ಆಂಬ್ರೋಸ್ ಹೇಳಿಕೊಂಡು ತಿರುಗುತ್ತಿದ್ದರು. ಟೀಚರು ಅದನ್ನು ಒಪ್ಪಿರಲಿಲ್ಲ, ಅಲ್ಲಗಳೆದೂ ಇರಲಿಲ್ಲ.

"ಟೀಚರ್ರೇ, ನಿನ್ನೆ ನನ್ನ ಅಯ್ಯೂಬ್‌ನನ್ನು ಪೊಲೀಸರು ಜೀಪಿನಲ್ಲಿ ಕರ್ಕೊಂಡು ಹೋದ್ರು," ಎಂದರು ಬಾವ. "ಸಂಜೆ ಅವನನ್ನು ಬಿಟ್ರು. ಪಾಸ್‌ಪೋರ್ಟ್ ಬಿಡ್ಲಿಲ್ಲ."

"ಅವನು ದುಬೈಗೆ ಹೊರಡುವುದು ಯಾವತ್ತು?"

"ಶುಕ್ರವಾರ ಮಧ್ಯಾಹ್ನ ಬೊಂಬಾಯಿ ಬಸ್ಸು. ಆದಿತ್ಯವಾರ ವಿಮಾನ. ಆ ದಿನ ದಾಟಿದ್ರೆ ವೀಸಾ ಸತ್ತ ಹಾಗೆ. ನಾಲ್ಕು ವರ್ಷ ಕಾದು ಸಿಕ್ಕಿದ್ದು. ಇನ್ನೊಂದು ಸಲ ಸಿಗ್ಲಿಕ್ಕಿಲ್ಲ." ಬಾವ ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಮಗನ ಮೇಲೆ ಕೇಸು ಬಿತ್ತು ಅಂತ ಗೊತ್ತಾದದ್ದೇ ಅಲೀಮಮ್ಮ ಗಂಜಿ ಬಿಟ್ಟಿದ್ದಾಳೆ."

ಜಗಳದ ಬುಡ ಆಂಬ್ರೋಸರಿಗೆ ಗೊತ್ತಿತ್ತು, ಬೋಳಾರಕ್ಕೇ ಗೊತ್ತಿತ್ತು. ಬಾವನವರ ಮನೆಗೂ ಶೀನಪ್ಪ ಶೆಟ್ಟರ ಹೋಟೆಲಿಗೂ ನಡುವೆ ಒಂದೇ ಗೋಡೆ. ಭೂಮಸೂದೆಯಲ್ಲಿ ಗದ್ದೆಗಳು ಕೈಬಿಟ್ಟ ಮೇಲೆ ಹೋಟೆಲು ಇಟ್ಟವರು ಶೆಟ್ಟರು, ಗುತ್ತಿನ ಮನೆಯ ಹಳೆಯ ಜಮೀನ್ದಾರರು. ನಾಲ್ಕು ತಿಂಗಳ ಹಿಂದೆ, ಎಂಬತ್ತೊಂದರ ಜನವರಿಯಲ್ಲಿ, ಅವರು ಕೊಯಮತ್ತೂರಿನಿಂದ ಒಂದು ಕರೆಂಟಿನ ಗ್ರೈಂಡರ್ ತರಿಸಿ ಹಿತ್ತಿಲ ಕೊಟ್ಟಿಗೆಯಲ್ಲಿ ಗೋಡೆಗೆ ತಾಗಿಸಿ ಕೂರಿಸಿದರು. ದಿನಾ ಮಧ್ಯಾಹ್ನ ಮೂರರಿಂದ ಐದರವರೆಗೆ ಅದು ಮರುದಿನದ ಇಡ್ಲಿಗೆ ಹಿಟ್ಟು ರುಬ್ಬುತ್ತ ಗಡಗಡಗುಟ್ಟುತ್ತಿತ್ತು. ಗೋಡೆಯ ಈಚೆ ಬಾವನವರ ಹೆಂಡತಿ, ಹೃದಯದ ಕಾಯಿಲೆಯ ಅಲೀಮಮ್ಮ. ಮಧ್ಯಾಹ್ನ ಎರಡು ಗಂಟೆ ನಿದ್ದೆ ಬೇಕೇ ಬೇಕು ಎಂದು ಕಂಕನಾಡಿಯ ಡಾಕ್ಟರು ಹೇಳಿದ್ದರು.

ಬಾವ ಮೊದಲು ನಯವಾಗಿಯೇ ಕೇಳಿದರು. "ಹಾಗಾದ್ರೆ ನಾನು ಹೋಟೆಲು ಮುಚ್ಚಿ ಕಾಶಿಗೆ ಹೋಗ್ಲಾ?" ಎಂದರು ಶೆಟ್ಟರು. ಬಾವ ಮುನಿಸಿಪಾಲಿಟಿಗೆ ಅರ್ಜಿ ಬರೆದರು. ಶೆಟ್ಟರು ಕೊಟ್ಟಿಗೆಯಲ್ಲಿ ರೇಡಿಯೋ ಕೂಡ ಹಾಕಿದರು. ಕೊನೆಗೆ ಹೋದ ವಾರ ಬೀದಿಯಲ್ಲಿ ಮಾತಿಗೆ ಮಾತು ಬೆಳೆದು, "ಆ ಗ್ರೈಂಡರಿಗೆ ಒಂದು ಗತಿ ಕಾಣಿಸದೆ ನಾನು ವಿಮಾನ ಹತ್ತುದಿಲ್ಲ" ಎಂದು ಅಯ್ಯೂಬ್ ಐವತ್ತು ಜನರ ಎದುರಿಗೆ ಹೇಳಿಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಂಗಳವಾರ ಬೆಳಿಗ್ಗೆ ಹೋಟೆಲಿನ ಇಡ್ಲಿಯ ತುಂಬ ಕಲ್ಲು. ಬ್ಯಾಂಕಿನ ಆಫೀಸರೊಬ್ಬರ ಹಲ್ಲು ಮುರಿಯಿತು. ಹಿಟ್ಟಿಗೆ ಅಯ್ಯೂಬ್ ಮರಳು ಹಾಕಿದ್ದಾನೆಂದು ಶೆಟ್ಟರು ನೇರ ಠಾಣೆಗೆ ನಡೆದರು. ಸೋಮವಾರ ಸಂಜೆ ಆರಕ್ಕೆ ಅವನು ಎಂತದೋ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಿಲ ಗೋಡೆ ಹಾರಿದ್ದನ್ನು ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುವ ಅಲ್ಫೋನ್ಸ್ ಕಣ್ಣಾರೆ ಕಂಡಿದ್ದ.

"ಎಂತ ಗಂಟು ಅದು?" ಟೀಚರು ಕೇಳಿದರು.

"ನಮ್ಮ ಕೋಳಿ, ಟೀಚರ್ರೇ. ಲುಂಗಿಯಲ್ಲಿ ಸುತ್ತಿಕೊಂಡು ತಂದದ್ದು. ಅದು ಯಾವಾಗಲೂ ಆಚೆ ಹಾರ್ತದೆ. ಪೊಲೀಸರಿಗೆ ಹೇಳಿದ್ರೆ ನಗ್ತಾರೆ."

"ನನಗೆ ನಗು ಬರ್ಲಿಲ್ಲ," ಎಂದು ಟೀಚರು ಎದ್ದು ಕೊಡೆ ತೆಗೆದುಕೊಂಡರು.

ಠಾಣೆಯಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಚಿತ್ತರಂಜನ ಟೀಚರ ಹಳೆಯ ಟ್ಯೂಷನ್ ಹುಡುಗ. ಅವರನ್ನು ಕಂಡು ಎದ್ದು ನಿಂತ, ಕುರ್ಚಿ ಒರೆಸಿ ಕೊಟ್ಟ.

"ಟೀಚರ್, ಇದು ತುಂಬಾ ಸಿಂಪಲ್ ಕೇಸು."

"ಸಿಂಪಲ್ ಲೆಕ್ಕದಲ್ಲೇ ನಿನಗೆ ಮಾರ್ಕು ಹೋಗ್ತಿದ್ದದ್ದು, ಚಿತ್ತರಂಜನ. ನಿನ್ನ ಹತ್ತಿರ ಎಂತ ಸಾಕ್ಷಿ ಉಂಟು, ತೋರಿಸು."

ಆಂಬ್ರೋಸ್ ನಗು ತಡೆಯಲು ಕಿಟಕಿಯ ಕಡೆ ತಿರುಗಿಕೊಂಡರು. ಚಿತ್ತರಂಜನ ಮೇಜಿನಿಂದ ನೂರು ಪುಟದ ಒಂದು ನೋಟ್‌ಪುಸ್ತಕ ತೆಗೆದ. ಬಾವನವರ ಮನೆಯಿಂದ ಜಪ್ತಿ ಮಾಡಿದ್ದು. ಟೈಮ್‌ಕೀಪರ್ ಬುದ್ಧಿ ಎಲ್ಲಿ ಹೋಗುತ್ತದೆ? ಮುನಿಸಿಪಾಲಿಟಿಗೆ ತೋರಿಸಲೆಂದು ಬಾವ ನಾಲ್ಕು ತಿಂಗಳು ಗೋಡೆಯಾಚೆಯ ಒಂದೊಂದು ಶಬ್ದವನ್ನೂ ನಿಮಿಷ ಬಿಡದೆ ಬರೆದಿಟ್ಟಿದ್ದರು.

"ನೋಡಿ, ಎಷ್ಟು ದ್ವೇಷ," ಎಂದ ಚಿತ್ತರಂಜನ. "ಒಬ್ಬ ಮನುಷ್ಯ ನಾಲ್ಕು ತಿಂಗಳು ಕೂತು ನಿಮಿಷ ಎಣಿಸಬೇಕಾದ್ರೆ?"

ಟೀಚರು ಕನ್ನಡಕ ಏರಿಸಿ ಕೊನೆಯ ಪುಟ ತೆರೆದರು. ಆಂಬ್ರೋಸ್ ಅವರ ಹೆಗಲ ಮೇಲಿನಿಂದ ಬಗ್ಗಿ ಓದಿದರು.

ಶನಿವಾರ: 3.05–3.40. 3.50–5.00.

ಆದಿತ್ಯವಾರ: 3.10–3.45. 3.55–5.05.

ಸೋಮವಾರ: ಬೆಳಿಗ್ಗೆ 10.30–11.35, ಟಕ್ ಟಕ್ ಎಂಬ ಶಬ್ದ, ಹೊಸ ಉಪದ್ರ. ಮಧ್ಯಾಹ್ನ 3.25–4.20. ಬೇಗ ನಿಂತಿತು. ಅಲ್‌ಹಮ್ದುಲಿಲ್ಲಾ.

ಟೀಚರು ಹಿಂದಿನ ಪುಟಗಳನ್ನೂ ಒಂದೊಂದಾಗಿ ನೋಡಿದರು. ನಾಲ್ಕು ತಿಂಗಳೂ ದಿನಕ್ಕೆ ಒಂದು ಸಾಲು, ಸಾಲಿಗೆ ಎರಡೆರಡು ಹೊತ್ತು. ಆಂಬ್ರೋಸರಿಗೆ ಅದರಲ್ಲಿ ಎಂತ ವಿಶೇಷವೂ ಕಾಣಲಿಲ್ಲ. ಟೀಚರು ಮಾತ್ರ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು.

"ಈ ಪುಸ್ತಕ ಜೋಪಾನವಾಗಿ ಇಡು," ಎಂದರು. "ಈಗ ಕೊಟ್ಟಿಗೆ ನೋಡುವ."

ಮಂಗಳವಾರವೇ ಬೀಗ ಜಡಿದು ಸೀಲು ಹಾಕಿದ್ದ ಕೊಟ್ಟಿಗೆಯನ್ನು ಚಿತ್ತರಂಜನ ತೆರೆಸಿದ. ಗ್ರೈಂಡರಿನ ಕಪ್ಪು ಕಲ್ಲಿಗೆ ಹಿಟ್ಟು ಒಣಗಿ ಸುಣ್ಣ ಬಳಿದ ಹಾಗೆ ಮೆತ್ತಿಕೊಂಡಿತ್ತು. ಹುಳಿ ವಾಸನೆಗೆ ಆಂಬ್ರೋಸ್ ಬಾಗಿಲಲ್ಲೇ ನಿಂತರು. ಟೀಚರು ಒಳಗೆ ಹೋಗಿ, ಪಾತ್ರೆಯಲ್ಲಿ ಉಳಿದಿದ್ದ ಹಿಟ್ಟನ್ನು ಒಂದು ಬಟ್ಟಲು ನೀರಿನಲ್ಲಿ ಕದಡಿ, ಬಸಿದು, ತಳದಲ್ಲಿ ನಿಂತ ಪುಡಿಯನ್ನು ಬಿಳಿ ಕಾಗದಕ್ಕೆ ಹಾಕಿ ತಂದರು.

"ಆಂಬ್ರೋಸ್‌ನವರೇ, ಹೊಳೆಯ ಬದಿಯಿಂದ ಒಂದು ಹಿಡಿ ಹೊಯ್ಗೆ ತರ್ತೀರಾ?"

ಆಂಬ್ರೋಸ್ ಐದು ನಿಮಿಷದಲ್ಲಿ ತಂದರು. ಹೊಳೆಯ ಮರಳು ನಸು ಹಳದಿ, ಕಾಳು ಕಾಳು. ಕಾಗದದ ಮೇಲಿನದ್ದು ಕಪ್ಪು ಬೂದಿ ಬಣ್ಣದ ಪುಡಿ, ನಡುನಡುವೆ ಚೂಪು ಚೂರುಗಳು. ಮಕ್ಕಳಿಗೂ ತಿಳಿಯುವಂಥ ವ್ಯತ್ಯಾಸ.

"ಬೇರೆ ಎಲ್ಲಿಂದಲೋ ತಂದಿರಬಹುದು," ಎಂದ ಚಿತ್ತರಂಜನ. ಅವನ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಹೋಟೆಲಿನ ಮುಂಭಾಗದಲ್ಲಿ ಗಲ್ಲೆಯ ಹಿಂದೆ ಅಲ್ಫೋನ್ಸ್ ಒಬ್ಬನೇ ನೊಣ ಹೊಡೆಯುತ್ತ ಕೂತಿದ್ದ. ಹಲ್ಲು ಮುರಿದ ಸುದ್ದಿ ಊರೆಲ್ಲ ಹಬ್ಬಿ ಗಿರಾಕಿಗಳೇ ಇರಲಿಲ್ಲ.

"ಮೊದಲ ತಟ್ಟೆ ಇಡ್ಲಿಯಲ್ಲೇ ಕಲ್ಲು ಇತ್ತಾ, ಕೊನೆ ಕೊನೆಗೆ ಸಿಕ್ಕಿದ್ದಾ?" ಟೀಚರು ಕೇಳಿದರು.

"ಮೊದಲ ತಟ್ಟೆಯದ್ದೇ ಬ್ಯಾಂಕಿನವರು ತಿಂದದ್ದು, ಟೀಚರ್. ಎಲ್ಲದರಲ್ಲೂ ಇತ್ತು. ಕಲ್ಲು ಇಲ್ಲದಿದ್ರೂ ಅದನ್ನು ತಿನ್ಲಿಕ್ಕೆ ಆಗ್ತಿರ್ಲಿಲ್ಲ. ಉಬ್ಬಿರ್ಲೇ ಇಲ್ಲ. ಗೋಡೆಗೆ ಹೊಡೆದ್ರೆ ಗೋಡೆ ಬೀಳ್ತಿತ್ತು."

"ಸೋಮವಾರ ಹಿಟ್ಟು ಕಡೆದದ್ದು ಯಾರು?"

"ಅಪ್ಪಿ ಇರ್ಬೇಕು. ದಿನಾ ಅವಳೇ ಅಲ್ವಾ. ನಾನು ನೋಡ್ಲಿಲ್ಲ, ಕೊಟ್ಟಿಗೆ ಬಾಗಿಲು ಹಾಕಿತ್ತು."

"ದಿನಾ ಬಾಗಿಲು ಹಾಕ್ತಾಳಾ?"

"ಇಲ್ಲ ಮಾರಾಯ್ರೆ, ಈ ಸೆಕೆಯಲ್ಲಿ ಯಾರು ಹಾಕ್ತಾರೆ? ಬಾಗಿಲು ತೆರೆದಿಟ್ಟು ಎಲೆ ಅಡಿಕೆ ಜಗಿಯುತ್ತಾ ಕೂತಿರ್ತಾಳೆ."

ಅಷ್ಟರಲ್ಲಿ ಶೀನಪ್ಪ ಶೆಟ್ಟರೇ ಬಂದರು. ಬಿಳಿ ಮುಂಡು, ಹೆಗಲಿಗೆ ಶಾಲು, ಬಲಗೈ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ. ಟೀಚರು ಪಟ್ಟಿಯ ಕಡೆ ನೋಡಿದಾಗ, "ಬಾಗಿಲಿಗೆ ಸಿಕ್ಕಿತು," ಎಂದರು. ಅವರ ಹಿಂದೆ ಅಪ್ಪಿ ನಿಂತಿದ್ದಳು. ಶೆಟ್ಟರ ಮನೆಯಲ್ಲಿ ಇಪ್ಪತ್ತು ವರ್ಷ ಕೈಕಲ್ಲಿನಲ್ಲಿ ಕಡೆದು, ಈಗ ಗ್ರೈಂಡರಿನ ಮುಂದೆ ಕೂರುವ ಮುದುಕಿ.

"ಅಪ್ಪಿ, ಸೋಮವಾರ ಕಡೆದದ್ದು ನೀನಾ?"

ಅಪ್ಪಿ ನೆಲ ನೋಡಿದಳು. "ಧಣಿಗಳು ಹೇಳಿದ್ದಾರಲ್ಲ, ಅಮ್ಮ."

"ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?" ಶೆಟ್ಟರು ದನಿ ಏರಿಸಿದರು. "ನನ್ನ ಹೋಟೆಲಿನ ಮಾನ ಹೋಯ್ತು. ಆ ಹುಡುಗ ಹೇಳಿದ್ದನ್ನು ಮಾಡಿ ತೋರಿಸಿದ. ನೀವು ಅವರ ಪರ ಬಂದದ್ದಾ, ಟೀಚರ್ರೇ?"

"ನಾನು ಯಾರ ಪರವೂ ಬಂದದ್ದಲ್ಲ, ಶೆಟ್ರೇ. ಉತ್ತರ ತಪ್ಪಿದ್ರೆ ಎಲ್ಲೋ ಒಂದು ಮೆಟ್ಟಿಲು ತಪ್ಪಿರ್ತದೆ. ಅದನ್ನು ಹುಡುಕ್ಲಿಕ್ಕೆ ಬಂದದ್ದು."

ಶೆಟ್ಟರು ಮುಖ ತಿರುಗಿಸಿದರು. ಟೀಚರು ಹಿತ್ತಿಲಿಗೆ ಹೋಗಿ, ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಶೆಟ್ಟರ ಹೆಂಡತಿ ಗುಣವತಿಯ ಬಳಿ ನಿಂತು ಮಾತನಾಡಿದರು. ಆಂಬ್ರೋಸರಿಗೆ ಮಾತು ಕೇಳಿಸಲಿಲ್ಲ. ಗುಣವತಿ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟದ್ದು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಮಾತ್ರ ಕಾಣಿಸಿತು.

ಮನೆಗೆ ವಾಪಸಾಗುವ ದಾರಿಯಲ್ಲಿ ಆಂಬ್ರೋಸರಿಗೆ ತಡೆಯಲಾಗಲಿಲ್ಲ. "ಅವರು ಎಂತ ಹೇಳಿದ್ರು?"

"ಅದನ್ನು ಅವರೇ ಹೇಳ್ಲಿ, ನಾಳೆ. ನೀವು ನನಗೆ ಬೇರೊಂದು ಹೇಳಿ. ನನಗೆ ಅಡಿಗೆಯ ಗಂಧ ಇಲ್ಲ ಅಂತ ನಿಮಗೆ ಗೊತ್ತುಂಟು. ನೀವು ಸನ್ನಕ್ಕೆ ಹೇಗೆ ಕಡೆಯುವುದು?"

ಆಂಬ್ರೋಸ್ ಉಬ್ಬಿಹೋದರು. ಅವರು ಮಾಡುವ ಸನ್ನ ಬೋಳಾರದ ಇಗರ್ಜಿಯವರೆಲ್ಲ ಹೊಗಳುವಂಥದ್ದು, ನೋಡಲು ಇಡ್ಲಿಯ ತಂಗಿ. "ಉದ್ದು ಬೇರೆ, ಅಕ್ಕಿ ಬೇರೆ, ಟೀಚರ್. ಮೊದಲು ಉದ್ದು ಹಾಕಿ ಬೆಣ್ಣೆಯ ಹಾಗೆ ಕಡೆದು ತೆಗೀಬೇಕು. ಆಮೇಲೆ ಅಕ್ಕಿ. ಒಟ್ಟಿಗೆ ಹಾಕಿದ್ರೆ ಉದ್ದು ಹಗುರ ಆಗುದಿಲ್ಲ, ಸನ್ನ ಉಬ್ಬುದಿಲ್ಲ. ಇದು ಸಣ್ಣ ಮಕ್ಕಳಿಗೂ ಗೊತ್ತು."

"ನಿಮ್ಮ ಹಾಗೆ ಕಡೆದವರಿಗೆ ಗೊತ್ತು," ಎಂದರು ಟೀಚರು. ಅಷ್ಟು ಹೇಳಿ ಕೊಡೆ ಬಿಡಿಸಿದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಸ್ಥಿತಿ ತನ್ನದು ಎಂದು ಆಂಬ್ರೋಸರಿಗೆ ಮರುದಿನದವರೆಗೂ ಹೊಳೆಯಲಿಲ್ಲ.

ಗುರುವಾರ ಮಧ್ಯಾಹ್ನ ಎರಡಕ್ಕೆ ಹೋಟೆಲಿನ ಒಳಕೋಣೆಯಲ್ಲಿ ಎಲ್ಲರೂ ಸೇರಿದರು. ಚಿತ್ತರಂಜನ ಕರೆಸಿದ್ದರಿಂದ ಯಾರಿಗೂ ಬರುವುದಿಲ್ಲ ಎನ್ನುವ ಧೈರ್ಯ ಇರಲಿಲ್ಲ. ಒಂದು ಮೇಜಿಗೆ ಶೆಟ್ಟರು, ದೂರದ ಮೇಜಿಗೆ ಬಾವ ಮತ್ತು ಅಯ್ಯೂಬ್. ಅಡಿಗೆಮನೆಯ ಬಾಗಿಲಲ್ಲಿ ಗುಣವತಿ, ಅವಳ ಕಾಲ ಬಳಿ ನೆಲದಲ್ಲಿ ಅಪ್ಪಿ. ಅಲ್ಫೋನ್ಸ್ ಗೋಡೆಗೆ ಒರಗಿ ನಿಂತಿದ್ದ. ಅಯ್ಯೂಬ್ ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಾಗಿತ್ತು. ಮರುದಿನ ಇಷ್ಟು ಹೊತ್ತಿಗೆ ಅವನ ಬಸ್ಸು ಹೊರಡಬೇಕು.

ಟೀಚರು ಪಾಠ ಮಾಡುವವರ ಹಾಗೆ ಎದ್ದು ನಿಂತರು.

"ಮೊದಲನೆಯದು. ಅಯ್ಯೂಬ್ ಸಂಜೆ ಆರಕ್ಕೆ ಗೋಡೆ ಹಾರಿದ. ಹಿಟ್ಟು ಕಡೆದು ಮುಗಿದದ್ದು ನಾಲ್ಕೂ ಇಪ್ಪತ್ತಕ್ಕೆ. ಅವನು ಹಾಕಿದ್ದೇ ಆದ್ರೆ ಪಾತ್ರೆಯಲ್ಲಿದ್ದ ಹಿಟ್ಟಿಗೆ ಮೇಲಿನಿಂದ ಹಾಕಬೇಕು. ರಾತ್ರಿ ಇಡೀ ಇಟ್ಟ ಹಿಟ್ಟಿನಲ್ಲಿ ಹೊಯ್ಗೆ ತಳಕ್ಕೆ ಇಳೀತದೆ. ಕೊನೆಯ ತಟ್ಟೆಗಳಲ್ಲಿ ಸಿಗಬೇಕು. ಆದ್ರೆ ಮೊದಲ ತಟ್ಟೆಯಲ್ಲೇ ಹಲ್ಲು ಮುರಿಯಿತು, ಎಲ್ಲ ತಟ್ಟೆಯಲ್ಲೂ ಕಲ್ಲು. ಅಂದ್ರೆ ಅದು ಕಡೆಯುವಾಗಲೇ ಹಿಟ್ಟಿನೊಳಗೆ ಸೇರಿತ್ತು."

ಚಿತ್ತರಂಜನ ಬರೆದುಕೊಳ್ಳಲು ಪೆನ್ನು ತೆಗೆದ.

"ಎರಡನೆಯದು. ಅದು ಹೊಯ್ಗೆಯೇ ಅಲ್ಲ. ಕಪ್ಪು ಕಲ್ಲಿನ ಪುಡಿ. ಇಲ್ಲಿ ಕಪ್ಪು ಕಲ್ಲು ಇರುವುದು ಎಲ್ಲಿ? ಗ್ರೈಂಡರಿನಲ್ಲಿ. ಹಾಗಾದ್ರೆ ಆ ಕಲ್ಲಿಗೆ ಎಂತ ಆಯ್ತು? ಅದನ್ನು ಬಾವನವರು ಬರೆದಿಟ್ಟಿದ್ದಾರೆ." ಟೀಚರು ನೋಟ್‌ಪುಸ್ತಕ ತೆರೆದರು. "ಸೋಮವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂ ಮೂವತ್ತೈದು, ಟಕ್ ಟಕ್ ಶಬ್ದ. ಆಂಬ್ರೋಸ್‌ನವರೇ, ಕಡೆಯುವ ಕಲ್ಲಿನ ಹತ್ತಿರ ಒಂದು ಗಂಟೆ ಟಕ್ ಟಕ್ ಅಂದ್ರೆ ಎಂತ?"

ಆಂಬ್ರೋಸರಿಗೆ ತಲೆಯೊಳಗೆ ದೀಪ ಹತ್ತಿತು. "ಕಲ್ಲು ಕುಟ್ಟಿಸಿದ್ದು," ಎಂದರು, ತಮ್ಮ ದನಿ ತಮಗೇ ದೊಡ್ಡದಾಗಿ ಕೇಳಿಸಿತು. "ಕಲ್ಲು ಸವೆದು ನುಣ್ಣಗಾದ್ರೆ ಹಿಟ್ಟು ಬೇಗ ಆಗುದಿಲ್ಲ. ಕಲ್ಲು ಕುಟ್ಟುವವರನ್ನು ಕರೆಸಿ ಉಳಿಯಿಂದ ಒರಟು ಮಾಡಿಸ್ಬೇಕು. ಆಮೇಲೆ ಮೊದಲ ಸಲ ತೌಡು ಹಾಕಿ ತಿರುಗಿಸಿ, ಚೆಲ್ಲಿ, ತೊಳೀಬೇಕು. ಇಲ್ಲದಿದ್ರೆ ಕಲ್ಲಿನ ಪುಡಿ ಎಲ್ಲ ಹಿಟ್ಟಿಗೆ ಬರ್ತದೆ."

"ಸುಳ್ಳು," ಎಂದರು ಶೆಟ್ಟರು. "ನಾನು ಕಲ್ಲು ಕುಟ್ಟಿಸ್ಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಬಂದರಿನಲ್ಲಿ ಸಾಮಾನು ತೆಗೀಲಿಕ್ಕೆ ಹೋಗಿದ್ದೆ."

"ಕುಟ್ಟಿಸಿದ್ದು ನಾನು." ಅಡಿಗೆಮನೆಯ ಬಾಗಿಲಿನಿಂದ ಗುಣವತಿಯ ದನಿ ಬಂತು. ಅವಳು ಗಂಡನ ಮುಖ ನೋಡದೆ ಒಂದೇ ಉಸಿರಿಗೆ ಹೇಳಿದಳು. "ಅಲೀಮಮ್ಮ ನನ್ನ ಹತ್ತಿರ ಬಾವಿಕಟ್ಟೆಯಲ್ಲಿ ಅತ್ತಿದ್ರು. ಮಗ ಹೊರಡುವ ಮೊದಲು ಒಂದು ದಿನವಾದ್ರೂ ಸರಿಯಾಗಿ ನಿದ್ದೆ ಮಾಡ್ಬೇಕು ಅಂತ. ಕಲ್ಲು ಕುಟ್ಟಿಸಿದ್ರೆ ಅರ್ಧ ಹೊತ್ತಿಗೆ ಕಡೆದು ಮುಗೀತದೆ, ಶಬ್ದ ಬೇಗ ನಿಲ್ತದೆ. ಆದ್ರೆ ಅವರಿಗೋಸ್ಕರ ಒಂದು ಮೊಳೆ ಸಹ ತಿರುಗಿಸುವುದಿಲ್ಲ ಅಂತ ಇವರು ಹಠ ಹಿಡಿದಿದ್ರು. ಅದಕ್ಕೆ ಹೇಳ್ಲಿಲ್ಲ."

"ತೌಡು ಹಾಕ್ಲಿಲ್ಲವಾ?" ಟೀಚರು ಮೆಲ್ಲಗೆ ಕೇಳಿದರು.

"ಅಷ್ಟರಲ್ಲಿ ಅಣ್ಣನ ಹೆಂಡತಿಗೆ ಹೆರಿಗೆ ನೋವು ಅಂತ ಕಂಕನಾಡಿಯ ಆಸ್ಪತ್ರೆಯಿಂದ ಕರೆ ಬಂತು. ಓಡಿದೆ. ಮಧ್ಯಾಹ್ನ ಅಪ್ಪಿ ಬರ್ತಾಳಲ್ಲ, ಕಲ್ಲಿಗೆ ಕೈ ಹಾಕಿದ ಕೂಡ್ಲೇ ಅವಳಿಗೆ ಗೊತ್ತಾಗ್ತದೆ ಅಂತ ಎಣಿಸಿದೆ. ಮರುದಿನ ಇವರು ಅಪ್ಪಿಯೇ ಕಡೆದದ್ದು ಅಂದ್ರು. ಅಪ್ಪಿ ಕಡೆದ್ರೆ ಒಂದು ಚೂರು ಪುಡಿ ಉಳೀಲಿಕ್ಕಿಲ್ಲ. ಹಾಗಾಗಿ ಬೇರೆ ಯಾರೋ ಹಾಕಿದ್ದು ಅಂತ ನಾನೂ ನಂಬಿದೆ."

ಆಗ ಅಪ್ಪಿ ಗೋಡೆ ಹಿಡಿದು ಎದ್ದಳು. ಮಂಡಿ ನೋವಿನವಳು, ಏಳಲು ಹೊತ್ತು ಹಿಡಿಯಿತು.

"ತಪ್ಪು ನನ್ನದೇ, ಸ್ವಾಮಿ," ಎಂದು ಚಿತ್ತರಂಜನನಿಗೆ ಕೈಮುಗಿದಳು. "ಕಡೆದದ್ದು ನಾನು. ತೌಡು ಹಾಕ್ಲಿಕ್ಕೆ ಮರೆತುಹೋಯ್ತು. ಪ್ರಾಯ ಆಯ್ತಲ್ಲ. ಆ ಹುಡುಗನನ್ನು ಬಿಡಿ."

"ಅಪ್ಪಿ, ಈ ಪುಸ್ತಕ ನಿನ್ನ ಮಾತು ಒಪ್ಪುವುದಿಲ್ಲ," ಎಂದರು ಟೀಚರು. "ನಾಲ್ಕು ತಿಂಗಳು ದಿನಾ ಎರಡು ಸರ್ತಿ ಗ್ರೈಂಡರ್ ತಿರುಗಿದೆ. ಮೊದಲು ಅರ್ಧ ಗಂಟೆ ಉದ್ದು, ನಡುವೆ ಹತ್ತು ನಿಮಿಷ ಬಿಟ್ಟು ಆಮೇಲೆ ಅಕ್ಕಿ. ಸೋಮವಾರ ಒಂದೇ ಸರ್ತಿ. ಮೂರೂ ಇಪ್ಪತ್ತೈದರಿಂದ ನಾಲ್ಕೂ ಇಪ್ಪತ್ತು. ಕುಟ್ಟಿದ ಕಲ್ಲು ಬೇಗ ಕಡೀತದೆ ಸರಿ, ಆದ್ರೆ ಎರಡನ್ನು ಒಂದು ಮಾಡುವುದಿಲ್ಲ. ಆ ದಿನ ಕಡೆದವರು ಅಕ್ಕಿ ಉದ್ದು ಒಟ್ಟಿಗೆ ಸುರಿದಿದ್ದಾರೆ. ಅದಕ್ಕೇ ಇಡ್ಲಿ ಉಬ್ಬದೆ ಕೂತದ್ದು. ಇದು ಇಪ್ಪತ್ತು ವರ್ಷ ಕಡೆದ ಕೈ ಅಲ್ಲ. ಜನ್ಮದಲ್ಲಿ ಒಮ್ಮೆಯೂ ಕಡೆಯದ ಕೈ. ಯಾರಿಗೂ ಕಾಣಬಾರದು ಅಂತ ಬಾಗಿಲು ಹಾಕಿಕೊಂಡ ಕೈ."

ಅಷ್ಟು ಹೇಳಿ ಟೀಚರು ಪುಸ್ತಕ ಮುಚ್ಚಿದರು. ಹೆಸರು ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ಅವರು ಕಾಯುತ್ತಿದ್ದಾರೆ ಎಂದು ಆಂಬ್ರೋಸರಿಗೆ ಅರ್ಥವಾಯಿತು. ದಡ್ಡ ಹುಡುಗಿಯೊಬ್ಬಳು ಬೋರ್ಡಿನ ಮುಂದೆ ತಾನೇ ಉತ್ತರ ಬರೆಯಲಿ ಎಂದು ಸೀಮೆಸುಣ್ಣ ಕೊಟ್ಟು ನಿಲ್ಲುವಂಥ ಕಾಯುವಿಕೆ.

"ಇಲ್ಲ, ನಾನೇ," ಎಂದಳು ಅಪ್ಪಿ ಮತ್ತೆ. ಎರಡೂ ಕೈ ಮುಂದೆ ಚಾಚಿದಳು. "ಬೇಕಾದ್ರೆ ನನ್ನನ್ನು ಜೀಪಿಗೆ ಹತ್ತಿಸಿ."

ಶೀನಪ್ಪ ಶೆಟ್ಟರು ಆ ಚಾಚಿದ ಕೈಯನ್ನೇ ನೋಡುತ್ತಿದ್ದರು. ಆ ಕೈ ಕಡೆದು ಹಾಕಿದ್ದನ್ನು ಅವರ ಮೂವರು ಮಕ್ಕಳು ತಿಂದು ಬೆಳೆದಿದ್ದರು. ಅವರು ಎದ್ದರು. ಶಾಲು ಜಾರಿ ಬಿತ್ತು, ಹೆಕ್ಕಿಕೊಳ್ಳಲಿಲ್ಲ.

"ಕೂತ್ಕೋ ಅಪ್ಪಿ," ಎಂದರು. "ಸಬ್ ಇನ್ಸ್‌ಪೆಕ್ಟರ್ರೇ, ಕಡೆದದ್ದು ನಾನು."

ಅಲ್ಫೋನ್ಸ್ ಬಾಯಿ ತೆರೆದು ನಿಂತ.

"ನಾನು ಬಂದರಿನಿಂದ ಬರುವಾಗ ಅಪ್ಪಿ ತನಗೆ ಜ್ವರ ಅಂತ ಹೇಳಿ ಕಳಿಸಿದ್ಲು. ಗುಣವತಿ ಆಸ್ಪತ್ರೆಯಲ್ಲಿ. ಅಕ್ಕಿ ಉದ್ದು ನೆನೆದು ಕೂತಿತ್ತು, ಮರುದಿನಕ್ಕೆ ಹಿಟ್ಟು ಬೇಕು. ಬಟನ್ ಒತ್ತಿದ್ರೆ ಆಯ್ತಲ್ಲ, ಇದರಲ್ಲಿ ಎಂತ ಮಹಾ ವಿದ್ಯೆ ಉಂಟು ಅಂತ ಎಣಿಸಿದೆ. ಗುತ್ತಿನ ಮನೆಯ ಶೀನಪ್ಪ ಶೆಟ್ಟಿ ಮುಂಡು ಎತ್ತಿ ಕಟ್ಟಿ ಹಿಟ್ಟು ಕಡೆದ ಅಂತ ಗೊತ್ತಾದ್ರೆ ಊರು ನಗ್ತದೆ. ಬಾಗಿಲು ಹಾಕಿದೆ. ಹೆಬ್ಬೆರಳು ಜಜ್ಜಿಕೊಂಡದ್ದೂ ಅಲ್ಲೇ. ಅವಳೇ ಕಡೆದದ್ದು ಅಂತ ಹೇಳ್ಲಿಕ್ಕೆ ಅಪ್ಪಿಗೆ ಹೇಳಿಕೊಟ್ಟದ್ದು ನಾನು." ಅವರು ಬಾವನವರ ಕಡೆ ತಿರುಗಿದರು. "ಕಲ್ಲು ಕುಟ್ಟಿಸಿದ್ದು ನನಗೆ ಗೊತ್ತಿರ್ಲಿಲ್ಲ. ಆ ಹುಡುಗನೇ ಹಾಕಿದ್ದು ಅಂತ ನಿಜವಾಗಿ ನಂಬಿದ್ದೆ. ಆದ್ರೆ ಕಡೆದವರು ಯಾರು ಅಂತ ಮೊದಲೇ ಸರಿಯಾಗಿ ಹೇಳಿದ್ರೆ ಇದೆಲ್ಲ ಆಗ್ತಿರ್ಲಿಲ್ಲ."

"ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು ಇತ್ತು," ಎಂದರು ಟೀಚರು. "ಕಲ್ಲು ಕುಟ್ಟಿಸಿದ್ದು ಗುಣವತಿಯಕ್ಕನಿಗೆ ಗೊತ್ತು. ಕಡೆದದ್ದು ಶೆಟ್ರಿಗೆ ಗೊತ್ತು. ತಾನು ಕಡೆಯಲಿಲ್ಲ ಅಂತ ಅಪ್ಪಿಗೆ ಗೊತ್ತು. ಒಬ್ಬರ ತುಂಡು ಇನ್ನೊಬ್ಬರಿಗೆ ಗೊತ್ತಿರ್ಲಿಲ್ಲ. ಮೂರೂ ಸೇರಿದ್ದು ಬಾವನವರ ಪುಸ್ತಕದಲ್ಲಿ ಮಾತ್ರ. ಚಿತ್ತರಂಜನ, ನೀನು ಇದನ್ನು ದ್ವೇಷದ ಸಾಕ್ಷಿ ಅಂತ ತಂದೆ. ಒಳಗೆ ಬರೆದದ್ದನ್ನು ಓದ್ಲಿಲ್ಲ."

ಚಿತ್ತರಂಜನ ಕಿವಿ ಕೆಂಪು ಮಾಡಿಕೊಂಡು ಎದ್ದ. ಅಂಗಿಯ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಅಯ್ಯೂಬ್‌ನ ಕೈಯಲ್ಲಿಟ್ಟ. "ಶೆಟ್ರು ದೂರು ವಾಪಸ್ ಬರೆದು ಕೊಡ್ತಾರೆ. ನೀನು ನಾಳೆ ಹೊರಡು."

ಬಾವ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಆಂಬ್ರೋಸ್ ಅವರ ಬೆನ್ನು ಸವರಲು ಹೋಗಿ ತಾವೂ ಅತ್ತರು. ಶೆಟ್ಟರು ಎದ್ದು ಬಂದು ಬಾವನವರ ಮುಂದೆ ನಿಂತರು, ಏನೋ ಹೇಳಲು ಬಾಯಿ ತೆರೆದರು. ಅಯ್ಯೂಬ್ ತಂದೆಯ ಕೈ ಹಿಡಿದು ಎಬ್ಬಿಸಿ, ಶೆಟ್ಟರ ಕಡೆ ನೋಡದೆ ಹೊರಗೆ ಕರೆದುಕೊಂಡು ಹೋದ.

ಅದು ಆಂಬ್ರೋಸರ ಮನಸ್ಸನ್ನು ಕೊರೆಯಿತು. "ಕೇಸು ಮುಗಿಯಿತು, ಜಗಳ ಮುಗೀಲಿಲ್ಲ," ಎಂದರು ಸಂಜೆ ಜಗಲಿಯಲ್ಲಿ. "ಅದು ಲೆಕ್ಕ ಅಲ್ಲ, ಆಂಬ್ರೋಸ್‌ನವರೇ. ನನಗೆ ಬಿಡಿಸ್ಲಿಕ್ಕೆ ಬರುದಿಲ್ಲ," ಎಂದರು ಟೀಚರು.

ಶುಕ್ರವಾರ ಮಧ್ಯಾಹ್ನ ಬೊಂಬಾಯಿ ಬಸ್ಸಿನ ಬಳಿ ಬೋಳಾರದ ಅರ್ಧ ಜನ ನೆರೆದಿದ್ದರು. ಅಲೀಮಮ್ಮ ಕೂಡ ರಿಕ್ಷಾದಲ್ಲಿ ಬಂದಿದ್ದರು. ಅಯ್ಯೂಬ್ ಒಬ್ಬೊಬ್ಬರಿಗೂ ಸಲಾಮ್ ಹೇಳುತ್ತಿದ್ದಾಗ ಜನ ಬದಿಗೆ ಸರಿದು ಶೀನಪ್ಪ ಶೆಟ್ಟರಿಗೆ ದಾರಿ ಬಿಟ್ಟರು. ಶೆಟ್ಟರು ಒಬ್ಬರೇ ಬಂದಿದ್ದರು.

"ಅಯ್ಯೂಬ್," ಎಂದರು. "ಇನ್ನು ಐದು ಗಂಟೆಯ ಮೊದಲು ಆ ಮೆಷಿನ್ ತಿರುಗುದಿಲ್ಲ. ಗೋಡೆಯ ಬದಿಯಿಂದ ಅದನ್ನು ಎತ್ತಿ ಆಚೆ ಇಡಿಸಿದ್ದೇನೆ. ಇದು ಮೊದಲ ದಿನವೇ ಮಾಡಬೇಕಿತ್ತು. ನನ್ನದು ತಪ್ಪಾಯ್ತು."

ಅಯ್ಯೂಬ್ ಅವರ ಕಡೆ ಪೂರ್ತಿ ತಿರುಗಿ ನಿಂತ. ಕ್ಲೀನರ್ ಬಸ್ಸಿನ ಬದಿಗೆ ತಟ್ಟಿ ಹತ್ತಲು ಹೇಳುತ್ತಿದ್ದ.

"ನನ್ನನ್ನು ಜೀಪಿಗೆ ಹತ್ತಿಸಿದ್ದು ನಾನು ಬೇಗ ಮರೀಲಿಕ್ಕಿಲ್ಲ, ಶೆಟ್ರೇ," ಎಂದ. "ಆದ್ರೆ ಉಮ್ಮನನ್ನು ನೋಡ್ಕೊಳ್ಳಿ ಅಂತ ಬೇರೆ ಯಾರ ಹತ್ತಿರ ಹೇಳ್ಲಿ? ಗೋಡೆಯ ಆಚೆ ಇರುವುದು ನೀವೇ ಅಲ್ವಾ."

ಶೆಟ್ಟರು ತಲೆಯಾಡಿಸಿದರು. ಆಮೇಲೆ ಮುಂಡು ಎತ್ತಿ ಕಟ್ಟಿ, ಬಗ್ಗಿ, ನೆಲದಲ್ಲಿದ್ದ ಅಯ್ಯೂಬ್‌ನ ತಗಡಿನ ಪೆಟ್ಟಿಗೆಯನ್ನು ತಲೆಗೆ ಏರಿಸಿಕೊಂಡು, ಅಷ್ಟೂ ಜನರ ಎದುರಿಗೆ ಬಸ್ಸಿನ ಹಿಂದಿನ ಏಣಿ ಹತ್ತಿದರು. ಬಾವ ಕೆಳಗಿನಿಂದ ಪೆಟ್ಟಿಗೆ ಕಟ್ಟುವ ಹಗ್ಗ ಎಸೆದುಕೊಟ್ಟರು.